‘ಸಂಪರ್ಕಕ್ಕೆ ಸಿಗಲಿಲ್ಲ’: ಉದ್ಯಮಿಗಳು ತಿಳಿದಿರಬೇಕಾದ ಸುದ್ದಿಮನೆಯ ಲೆಕ್ಕಾಚಾರ

ಯಾವುದಾದರೂ ಕಂಪನಿಯ ಮೇಲೆ ಆರೋಪದ ವರದಿ ಬಂದಾಗ ಕೊನೆಯಲ್ಲಿ ಒಂದು ಸಾಲು ಕಾಣುತ್ತದೆ: ‘ಪ್ರತಿಕ್ರಿಯೆಗಾಗಿ ಕರೆ ಮಾಡಿದಾಗ ಆಡಳಿತ ಮಂಡಳಿಯವರು ಸಂಪರ್ಕಕ್ಕೆ ಸಿಗಲಿಲ್ಲ.’ ಓದುವವರಿಗೆ ಅದು ಅರ್ಧ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ನಡೆದಿರುವುದು ಬಹಳ ಸಲ ಇಷ್ಟೇ: ಸಂಜೆ ಆರೂವರೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಿದೆ, ಸಾಲ ಕೊಡುತ್ತೇವೆ ಎನ್ನುವವರಿರಬೇಕು ಎಂದು ಮಾಲೀಕರು ಎತ್ತಿಲ್ಲ, ಎಂಟು ಗಂಟೆಗೆ ಪುಟ ಮುಗಿದಿದೆ.

ಹಿಂದೆ ಇದು ದೊಡ್ಡ ಕಂಪನಿಗಳ ತಲೆನೋವಾಗಿತ್ತು. ಈಗ ಪೀಣ್ಯದ ಇಪ್ಪತ್ತು ಜನರ ವರ್ಕ್‌ಶಾಪ್‌ನಲ್ಲಿ ಹೊಗೆ ಎದ್ದರೂ, ಜಯನಗರದ ಹೋಟೆಲಿನ ಸಾಂಬಾರಿನಲ್ಲಿ ಏನೋ ಸಿಕ್ಕರೂ, ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟ್‌ಅಪ್ ನಲವತ್ತು ಮಂದಿಯನ್ನು ಮನೆಗೆ ಕಳಿಸಿದರೂ ಅದರ ವಿಡಿಯೊ ಅಥವಾ ಸ್ಕ್ರೀನ್‌ಶಾಟ್ ಅರ್ಧ ಗಂಟೆಯಲ್ಲಿ ವರದಿಗಾರರ ವಾಟ್ಸ್‌ಆ್ಯಪ್‌ಗೆ ಬಂದಿರುತ್ತದೆ. ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಸುದ್ದಿಮನೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಏಜೆನ್ಸಿ ಮಾಡುವ ಕೆಲಸದಲ್ಲಿ ಹೆಚ್ಚಿನ ಪಾಲನ್ನು ಮಾಲೀಕರೇ ಮಾಡಿಕೊಳ್ಳಬಹುದು.

ವರದಿಗಾರರ ದಿನ

ವರದಿಗಾರರಿಗೆ ‘ಬೀಟ್’ ಇರುತ್ತದೆ, ಅಂದರೆ ಹಂಚಿಕೊಟ್ಟ ಕ್ಷೇತ್ರ. ವಾಣಿಜ್ಯ, ಅಪರಾಧ, ಪಾಲಿಕೆ, ಕಾರ್ಮಿಕ, ಶಿಕ್ಷಣ ಹೀಗೆ. ನಿಮ್ಮ ಹೊಸ ಘಟಕದ ಸುದ್ದಿ ವಾಣಿಜ್ಯ ವರದಿಗಾರರಿಗೆ ಬೇಕು, ಅದೇ ಘಟಕದ ಬೆಂಕಿ ಅಪರಾಧ ವರದಿಗಾರರಿಗೆ. ಇಬ್ಬರೂ ಒಂದೇ ಪತ್ರಿಕೆಯವರಾದರೂ ಒಬ್ಬರಿಗೆ ನಿಮ್ಮ ಹೆಸರೇ ಗೊತ್ತಿರದಿರಬಹುದು. ಹಾಗಾಗಿ ಸಂಪಾದಕರ ಪರಿಚಯವಿದೆ ಎಂದು ನೆಮ್ಮದಿಯಾಗಿರುವುದಕ್ಕಿಂತ ನಿಮ್ಮ ಕ್ಷೇತ್ರಕ್ಕೆ ಸಂಬಂಧಪಟ್ಟ ಬೀಟಿನ ಏಳೆಂಟು ವರದಿಗಾರರ ಹೆಸರು ಮತ್ತು ನಂಬರ್ ಇಟ್ಟುಕೊಳ್ಳುವುದು ಉಪಯೋಗಕ್ಕೆ ಬರುತ್ತದೆ. ಬೀಟ್ ಬದಲಾಗುತ್ತಿರುತ್ತದೆ, ಆದ್ದರಿಂದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತಿದ್ದಬೇಕು.

ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತು–ಹನ್ನೊಂದರ ಹೊತ್ತಿಗೆ ಸಭೆ ನಡೆದು ಇವತ್ತಿನ ಸುದ್ದಿಗಳ ಅಂದಾಜು ಪಟ್ಟಿ ಆಗುತ್ತದೆ. ಮಧ್ಯಾಹ್ನದವರೆಗೆ ಓಡಾಟ, ನಾಲ್ಕರಿಂದ ಏಳರವರೆಗೆ ಬರವಣಿಗೆ. ಆಮೇಲೆ ಬರೆದ ವರದಿ ಡೆಸ್ಕ್‌ಗೆ ಹೋಗುತ್ತದೆ. ಅಲ್ಲಿ ಉಪಸಂಪಾದಕರು ಅದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು ಪುಟಕ್ಕೆ ಕೂರಿಸುತ್ತಾರೆ. ಜಿಲ್ಲೆಗಳಿಗೆ ಹೋಗುವ ಆವೃತ್ತಿ ಮೊದಲು ಮುಗಿಯುತ್ತದೆ, ಬೆಂಗಳೂರು ನಗರದ ಆವೃತ್ತಿ ನಡುರಾತ್ರಿಯ ಹತ್ತಿರ. ಹತ್ತು ಗಂಟೆಗೆ ಕಳಿಸಿದ ನಿಮ್ಮ ಸ್ಪಷ್ಟನೆ ನಗರದ ಪತ್ರಿಕೆಯಲ್ಲಿದ್ದು ತುಮಕೂರಿನ ಪತ್ರಿಕೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಕಾರಣ ಈ ಸಮಯದ ವ್ಯತ್ಯಾಸ, ಯಾರ ದ್ವೇಷವೂ ಅಲ್ಲ.

ತಲೆಬರಹ ಕೊಡುವವರು ವರದಿಗಾರರಲ್ಲ ಎಂಬುದೂ ಇಲ್ಲಿ ನೆನಪಿಡಬೇಕಾದದ್ದು. ಉದ್ಯಮಿಗಳ ಸಿಟ್ಟಿನಲ್ಲಿ ದೊಡ್ಡ ಪಾಲು ತಲೆಬರಹದ ಮೇಲಿರುತ್ತದೆ, ಬೈಗುಳ ಮಾತ್ರ ವರದಿಗಾರರಿಗೆ ಬೀಳುತ್ತದೆ.

ಪತ್ರಿಕೆಯವರಿಗೆ ಕರೆ ಮಾಡಬೇಕಿದ್ದರೆ ಬೆಳಿಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಮೂರರೊಳಗೆ ಮಾಡಿ. ಅವರು ಕರೆ ಮಾಡುವುದು ನಾಲ್ಕರಿಂದ ಎಂಟರ ನಡುವೆ, ಆ ಹೊತ್ತಿನಲ್ಲಿ ಕಂಪನಿಯ ಯಾರಾದರೊಬ್ಬರು ಫೋನ್ ಎತ್ತಲೇಬೇಕು. ಉತ್ತರ ಗೊತ್ತಿಲ್ಲದಿದ್ದರೆ ‘ಎಷ್ಟು ಗಂಟೆಯೊಳಗೆ ಬೇಕು?’ ಎಂದು ಕೇಳಿ, ಆ ಹೊತ್ತಿಗೆ ಹದಿನೈದು ನಿಮಿಷ ಮೊದಲೇ ಕೊಡಿ. ಚೆನ್ನಾಗಿರುವ ಸಂಬಂಧಗಳಲ್ಲಿ ಮುಕ್ಕಾಲು ಪಾಲು ಈ ಒಂದು ಅಭ್ಯಾಸದಿಂದ ಹುಟ್ಟಿರುತ್ತವೆ.

ಜಾಹೀರಾತು ಕೊಟ್ಟರೆ ಸುದ್ದಿ ಬರುತ್ತದೆಯೇ?

ಇದು ಉದ್ಯಮಿಗಳು ಮೊದಲು ಕೇಳುವ ಪ್ರಶ್ನೆ. ಪತ್ರಿಕೆಯ ಪುಟ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಿನಂತೆ. ಸೀಟು ಇಷ್ಟೇ ಎಂದು ನಿಗದಿಯಾಗಿರುತ್ತದೆ, ಅದರಲ್ಲಿ ಕೆಲವು ಮೊದಲೇ ಕಾಯ್ದಿರಿಸಿರುತ್ತವೆ. ಜಾಹೀರಾತು ವಿಭಾಗ ಸಂಜೆಗೆ ಮುಂಚೆ ಯಾವ ಪುಟದಲ್ಲಿ ಎಷ್ಟು ಜಾಗ ಹೋಗಿದೆ ಎಂದು ಗುರುತು ಮಾಡಿ ‘ಡಮ್ಮಿ’, ಅಂದರೆ ಪುಟದ ನಕ್ಷೆ ಕಳಿಸುತ್ತದೆ. ಉಳಿದ ಜಾಗಕ್ಕೆ ಸುದ್ದಿಗಳ ನೂಕುನುಗ್ಗಲು. ಕಾಯ್ದಿರಿಸಿದವರು ತಮ್ಮ ಸೀಟಿನಲ್ಲಿ ಕೂರುತ್ತಾರೆ, ಡ್ರೈವರ್‌ಗೆ ದಾರಿ ಹೇಳುವುದಿಲ್ಲ.

ದುಡ್ಡು ಕೊಟ್ಟು ಬರೆಸಿದ್ದನ್ನು ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಗುರುತಿಸಿ ಹಾಕಿದರೆ ಅದು ಕ್ರಮಬದ್ಧ. ಗುರುತಿಲ್ಲದೆ ಸುದ್ದಿಯ ವೇಷದಲ್ಲಿ ಬಂದರೆ ಅದಕ್ಕೆ ‘ಕಾಸಿಗಾಗಿ ಸುದ್ದಿ’ ಎನ್ನುತ್ತಾರೆ. ಹಣಕ್ಕಾಗಿ ಅಥವಾ ವಸ್ತು ರೂಪದ ಪ್ರತಿಫಲಕ್ಕಾಗಿ ಪ್ರಕಟಿಸುವ ಸುದ್ದಿ, ವಿಶ್ಲೇಷಣೆ ಎಲ್ಲವೂ ಇದರೊಳಗೆ ಬರುತ್ತದೆ ಎಂದು ಭಾರತೀಯ ಪತ್ರಿಕಾ ಮಂಡಳಿ 2010ರ ವರದಿಯಲ್ಲೇ ಹೇಳಿದೆ.

ಉಡುಗೊರೆಯ ವಿಷಯವೂ ಅಷ್ಟೇ. ಹಣಕಾಸು ವರದಿಗಾರಿಕೆ ಮಾಡುವವರು ಉಡುಗೊರೆ, ಸಾಲ, ಪ್ರವಾಸ, ರಿಯಾಯಿತಿ, ಆದ್ಯತೆಯ ಷೇರುಗಳನ್ನು ತೆಗೆದುಕೊಳ್ಳಬಾರದೆಂದು ಮಂಡಳಿಯ ನೀತಿ ಸೂತ್ರಗಳು ಹೇಳುತ್ತವೆ. ಕಂಪನಿ ತನ್ನ ಖರ್ಚಿನಲ್ಲಿ ಕಾರ್ಖಾನೆ ತೋರಿಸಲು ಕರೆದೊಯ್ದರೆ ಅದನ್ನು ವರದಿಯಲ್ಲೇ ತಿಳಿಸಬೇಕು. ‘ಕಂಪನಿಯ ಆಹ್ವಾನದ ಮೇರೆಗೆ ತೆರಳಿದ್ದರು’ ಎಂದು ವರದಿಯ ಕೆಳಗೆ ಬರುವ ಸಾಲಿನ ಮೂಲ ಇದು. ಸುದ್ದಿಗೋಷ್ಠಿಯಲ್ಲಿ ಪೆನ್ನು, ನೋಟ್‌ಪ್ಯಾಡ್, ಊಟ ಸಾಕು. ಲಕೋಟೆ ಬೇಡ. ಅದು ಒಳ್ಳೆಯ ವರದಿಗಾರರಿಗೆ ಅವಮಾನ. ಒಪ್ಪಿಕೊಳ್ಳುವವರು ಮುಂದಿನ ಸಲವೂ ಕಾಯುತ್ತಾರೆ.

ನಿಮ್ಮ ಸಂಭ್ರಮ ಯಾವಾಗ ಸುದ್ದಿ?

ಕಂಪನಿಗೆ ಹತ್ತು ವರ್ಷ ತುಂಬಿದ್ದು ನಿಮಗೆ ಹಬ್ಬ, ಓದುಗರಿಗೆ ಏನೂ ಅಲ್ಲ. ಕೆಲಸ ಸಿಗುತ್ತದೆ ಅಥವಾ ಹೋಗುತ್ತದೆ, ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ, ಹೊಸ ಹೂಡಿಕೆ ಬರುತ್ತದೆ, ಒಂದು ತೊಂದರೆಗೆ ಪರಿಹಾರ ಸಿಕ್ಕಿದೆ, ಇಂಥ ಯಾವುದಾದರೂ ಒಂದು ಇದ್ದರೆ ಸುದ್ದಿ. ಪ್ರಚಾರಕ್ಕಿಂತ ವಿವರಣೆ ಕೊಡುವವರು ವರದಿಗಾರರಿಗೆ ಹೆಚ್ಚು ಬೇಕಾಗುತ್ತಾರೆ. ವಿದ್ಯುತ್ ದರ ಏರಿದಾಗ ಫೌಂಡ್ರಿಯ ಒಂದು ಕಿಲೋ ಎರಕಕ್ಕೆ ಎಷ್ಟು ಪೈಸೆ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಬಲ್ಲ ಮಾಲೀಕರ ನಂಬರನ್ನು ಯಾವ ವರದಿಗಾರರೂ ಅಳಿಸುವುದಿಲ್ಲ. ಕಾಸಿಯಾ (ಸಣ್ಣ ಕೈಗಾರಿಕೆಗಳ ಸಂಘ), ಎಫ್‌ಕೆಸಿಸಿಐ (ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟ), ಪೀಣ್ಯ ಕೈಗಾರಿಕಾ ಸಂಘದ ಪದಾಧಿಕಾರಿಗಳ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವುದಕ್ಕೆ ಒಂದು ಕಾರಣ, ಇಡೀ ಕ್ಷೇತ್ರದ ಪರವಾಗಿ ಅವರು ಕೇಳಿದಾಗ ಮಾತನಾಡುತ್ತಾರೆ.

ಪತ್ರಿಕಾ ಹೇಳಿಕೆ: ಎಲ್ಲಿ ಕೆಡುತ್ತದೆ

ಪತ್ರಿಕಾ ಹೇಳಿಕೆ, ಅಂದರೆ ಪ್ರೆಸ್ ನೋಟ್, ಒಂದೇ ಪುಟ ಇರಲಿ. 250ರಿಂದ 300 ಪದ. ಮೊದಲ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ, ಎಷ್ಟು ಎಂಬುದು ಮುಗಿಯಬೇಕು. ಏಕೆಂದರೆ ಜಾಗ ಸಾಲದಿದ್ದಾಗ ಡೆಸ್ಕ್‌ನವರು ಕೆಳಗಿನಿಂದ ಕತ್ತರಿಸುತ್ತಾರೆ. ‘ಪೀಣ್ಯದ ಘಟಕವನ್ನು ₹12 ಕೋಟಿ ವೆಚ್ಚದಲ್ಲಿ ವಿಸ್ತರಿಸಲಾಗುತ್ತಿದ್ದು, ಜೂನ್ ವೇಳೆಗೆ 60 ಮಂದಿಗೆ ಕೆಲಸ ಸಿಗಲಿದೆ’ ಎಂಬಂಥ ವಾಕ್ಯ ಮೇಲಿದ್ದರೆ ಉಳಿದದ್ದೆಲ್ಲ ಹೋದರೂ ಸುದ್ದಿ ಉಳಿಯುತ್ತದೆ. ‘ಗಣ್ಯರ ಸಮ್ಮುಖದಲ್ಲಿ ದೀಪ ಬೆಳಗಿಸಿ’ ಎಂದು ಶುರುವಾದರೆ ಮುಖ್ಯವಾದದ್ದೇ ಕತ್ತರಿಗೆ ಸಿಗುತ್ತದೆ. ‘ಅಗ್ರಗಣ್ಯ’, ‘ಪ್ರತಿಷ್ಠಿತ’, ‘ಕ್ರಾಂತಿಕಾರಿ’ ಎಂಬ ಪದಗಳನ್ನು ಹೇಗೂ ತೆಗೆಯುತ್ತಾರೆ, ನೀವೇ ತೆಗೆದರೆ ಅವರ ಎರಡು ನಿಮಿಷ ಉಳಿಯುತ್ತದೆ.

ಕನ್ನಡ ಪತ್ರಿಕೆಗಳಿಗೆ ಕನ್ನಡದಲ್ಲೇ ಕಳಿಸಿ. ಬೆಂಗಳೂರಿನ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಇಂಗ್ಲಿಷ್ ಹೇಳಿಕೆಯನ್ನು ಅನುವಾದಿಸಲು ಸಂಜೆಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅನುವಾದಿಸಿದರೂ ಮೂರು ಕಡೆ ತಪ್ಪಾಗುತ್ತದೆ.

ಒಂದು, ಹೆಸರುಗಳು. ಇಂಗ್ಲಿಷ್ ಅಕ್ಷರದಲ್ಲಿ ಲ–ಳ, ನ–ಣ, ತ–ಥ, ಹ್ರಸ್ವ–ದೀರ್ಘ ಯಾವುದೂ ತಿಳಿಯುವುದಿಲ್ಲ. ವೀಣಾ ಅವರು ‘ವಿನಾ’ ಆಗಿ ಅಚ್ಚಾದರೆ ದೋಷ ಡೆಸ್ಕ್‌ನದಲ್ಲ.

ಎರಡು, ಸಂಖ್ಯೆಗಳು. ಹತ್ತು ಲಕ್ಷಕ್ಕೆ ಒಂದು ಮಿಲಿಯನ್, ನೂರು ಕೋಟಿಗೆ ಒಂದು ಬಿಲಿಯನ್. ‘10 ಮಿಲಿಯನ್ ಡಾಲರ್’ ಎಂದರೆ ಒಂದು ಕೋಟಿ ಡಾಲರ್. ಅವಸರದಲ್ಲಿ ಅದು ‘10 ಕೋಟಿ ಡಾಲರ್’ ಅಥವಾ ಇನ್ನೂ ವಿಚಿತ್ರವಾಗಿ ‘10 ಕೋಟಿ ರೂಪಾಯಿ’ ಆಗಿಬಿಡುತ್ತದೆ. ಲಕ್ಷ–ಕೋಟಿಯಲ್ಲೇ ಬರೆದು, ಡಾಲರ್ ಇದ್ದರೆ ಯಾವ ದಿನದ ವಿನಿಮಯ ದರದಲ್ಲಿ ರೂಪಾಯಿಗೆ ತಂದಿದ್ದೀರಿ ಎಂದು ಸೇರಿಸಿ.

ಮೂರು, ಹುದ್ದೆ ಮತ್ತು ತಾಂತ್ರಿಕ ಪದ. ನಿಮ್ಮ ಉತ್ಪನ್ನಕ್ಕೆ ಕನ್ನಡದಲ್ಲಿ ಜನ ಏನೆನ್ನುತ್ತಾರೋ ಅದನ್ನೇ ಬರೆಯಿರಿ. ಪಂಪ್ ಪಂಪೇ, ವಾಲ್ವ್ ವಾಲ್ವೇ. ನಿಘಂಟು ನೋಡಿ ಹೊಸ ಪದ ಕಟ್ಟಬೇಕಿಲ್ಲ.

ಕಡತವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಆಗಿ ಕಳಿಸುವುದು ಸುರಕ್ಷಿತ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾತ್ರ ಕಳಿಸಿದರೆ, ಅದರಿಂದ ನಕಲು ಮಾಡಿ ಅಂಟಿಸಿದಾಗ ಅಕ್ಷರಗಳೆಲ್ಲ ಚಿಹ್ನೆಗಳಾಗಿ ಬರುತ್ತವೆ. ಮತ್ತೆ ಟೈಪ್ ಮಾಡುವವರು ಯಾರು? ಲೆಟರ್‌ಹೆಡ್ ತೋರಿಸಬೇಕಿದ್ದರೆ ಪಿಡಿಎಫ್ ಜೊತೆಗಿರಲಿ. ಹೇಳಿಕೆಯ ಪಠ್ಯವನ್ನು ಮೇಲ್‌ನ ಒಳಗೂ ಹಾಕಿ, ಹೊರಗಿದ್ದು ಮೊಬೈಲ್‌ನಲ್ಲಿ ನೋಡುವವರಿಗೆ ಅನುಕೂಲ.

ಚಿತ್ರವನ್ನು ವರ್ಡ್ ಕಡತದೊಳಗೆ ಅಂಟಿಸಬೇಡಿ, ಪ್ರತ್ಯೇಕ ಜೆಪಿಜಿ ಆಗಿ ಕಳಿಸಿ. ಅಗಲ ಕನಿಷ್ಠ 1,500 ಪಿಕ್ಸೆಲ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿ ಮಂಕಾಗುತ್ತದೆ, ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿದರೆ ಹಾಗೇ ತಲಪುತ್ತದೆ. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಕೊಡಿ. ಶಾಲು ಹೊದಿಸುತ್ತಿರುವ ಹನ್ನೆರಡು ಜನರ ಸಾಲಿಗಿಂತ ಯಂತ್ರದ ಮುಂದೆ ಕೆಲಸ ಮಾಡುತ್ತಿರುವ ಇಬ್ಬರ ಚಿತ್ರಕ್ಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು.

ಕೊನೆಯಲ್ಲಿ ಒಂದು ಮೊಬೈಲ್ ನಂಬರ್ ಕೊಡಿ. ಅದು ರಾತ್ರಿ ಒಂಬತ್ತರವರೆಗೆ ಎತ್ತುವವರದ್ದಾಗಿರಲಿ, ರಿಸೆಪ್ಷನ್‌ನದ್ದಲ್ಲ.

ಸುದ್ದಿಗೋಷ್ಠಿ

ಹೇಳಿಕೆಯಲ್ಲಿ ಮುಗಿಯುವುದಕ್ಕೆ ಗೋಷ್ಠಿ ಬೇಡ. ಪ್ರಶ್ನೆ ಕೇಳುವಂಥ ವಿಷಯವಿದ್ದರೆ ಮಾತ್ರ ಕರೆಯಿರಿ. ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್‌ನಲ್ಲಿ ಮುಂಗಡವಾಗಿ ಸಮಯ ಕಾಯ್ದಿರಿಸಿ ಗೋಷ್ಠಿ ನಡೆಸುವುದು ನಗರದಲ್ಲಿ ಹಳೆಯ ರೂಢಿ. ವೈಟ್‌ಫೀಲ್ಡಿನ ಹೋಟೆಲಿಗೆ ಕರೆದರೆ ಹೋಗಿಬರುವುದಕ್ಕೇ ವರದಿಗಾರರ ಅರ್ಧ ದಿನ ಟ್ರಾಫಿಕ್‌ನಲ್ಲಿ ಕಳೆಯುತ್ತದೆ. ಬೆಳಿಗ್ಗೆ 11ರಿಂದ 12ರ ನಡುವೆ ಇಟ್ಟುಕೊಂಡು, ಹದಿನೈದು ನಿಮಿಷದಲ್ಲಿ ಮಾತು ಮುಗಿಸಿ, ಅರ್ಧ ಗಂಟೆ ಪ್ರಶ್ನೆಗೆ ಬಿಡಿ. ಅದೇ ಹೊತ್ತಿಗೆ ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಗೋಷ್ಠಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಟಿವಿಯವರಿಗೆ ಬೇಕಾದ್ದು ‘ಬೈಟ್’, ಹದಿನೈದು–ಇಪ್ಪತ್ತು ಸೆಕೆಂಡಿನ ಒಂದು ಮಾತು. ಪ್ರಶ್ನೆಯನ್ನು ಕತ್ತರಿಸಿ ಉತ್ತರವನ್ನಷ್ಟೇ ಹಾಕುವುದರಿಂದ ‘ಹೌದು, ನಿಜ’ ಎಂದರೆ ಏನೂ ಅರ್ಥವಾಗುವುದಿಲ್ಲ. ಇಡೀ ವಾಕ್ಯದಲ್ಲಿ ಉತ್ತರಿಸಿ. ಕನ್ನಡ ಚಾನೆಲ್‌ಗಳಿಗೆ ಕನ್ನಡದ ಬೈಟ್ ಬೇಕು. ಮುಖ್ಯಸ್ಥರಿಗೆ ಕನ್ನಡ ಬಾರದಿದ್ದರೆ ಬರುವ ಹಿರಿಯ ಅಧಿಕಾರಿಯೊಬ್ಬರನ್ನು ತಯಾರು ಮಾಡಿಡಿ. ಇಲ್ಲದಿದ್ದರೆ ಗೇಟಿನ ಹೊರಗೆ ಕನ್ನಡದಲ್ಲಿ ಮಾತನಾಡಲು ಸಿಗುವವರ ಮಾತಷ್ಟೇ ಪರದೆಯ ಮೇಲೆ ಇರುತ್ತದೆ.

ಮಾತಿನ ಷರತ್ತು

‘ಆನ್ ರೆಕಾರ್ಡ್’ ಎಂದರೆ ಹೆಸರಿನೊಂದಿಗೆ ಹಾಕಬಹುದು. ‘ಹೆಸರು ಹೇಳದ ಷರತ್ತಿನ ಮೇಲೆ’ ಎಂದರೆ ಮಾತನ್ನು ಬಳಸಬಹುದು, ಹೆಸರನ್ನಲ್ಲ. ‘ಆಫ್ ದಿ ರೆಕಾರ್ಡ್’ ಎಂದರೆ ತಿಳಿವಳಿಕೆಗಷ್ಟೇ. ಇವು ಮಾತಿಗೆ ಮೊದಲೇ ಇಬ್ಬರೂ ಒಪ್ಪಬೇಕಾದ ಷರತ್ತುಗಳು. ಎಲ್ಲ ಹೇಳಿ ಮುಗಿಸಿ ‘ಇದನ್ನು ಬರೆಯಬೇಡಿ’ ಎಂದರೆ ವರದಿಗಾರರಿಗೆ ಯಾವ ಬಾಧ್ಯತೆಯೂ ಇಲ್ಲ. ವಾಟ್ಸ್‌ಆ್ಯಪ್ ಉತ್ತರವೂ ಹೇಳಿಕೆಯೇ. ಇಂಥ ಹೊತ್ತಿನವರೆಗೆ ಪ್ರಕಟಿಸಬೇಡಿ ಎಂಬ ‘ಎಂಬಾರ್ಗೊ’ಗೂ ಇದೇ ನಿಯಮ. ಒಪ್ಪಿಗೆ ಪಡೆದ ಮೇಲೆ ಮಾಹಿತಿ ಕಳಿಸಬೇಕು.

‘ವರದಿಯನ್ನು ಅಚ್ಚಿಗೆ ಮುಂಚೆ ತೋರಿಸಿ’ ಎಂದು ಕೇಳಬೇಡಿ, ತೋರಿಸುವ ಪದ್ಧತಿಯಿಲ್ಲ. ‘ಅಂಕಿ–ಅಂಶ, ಹೆಸರು ಬೇಕಿದ್ದರೆ ಓದಿ ಹೇಳಿ, ಪರಿಶೀಲಿಸಿ ಕೊಡುತ್ತೇನೆ’ ಎಂದರೆ ಬಹುತೇಕರು ಒಪ್ಪುತ್ತಾರೆ.

ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಬೇರೆಯೇ ನಿಯಮ

ಲಿಸ್ಟ್ ಆದ ಕಂಪನಿಯ ಮುಖ್ಯಸ್ಥರು ವರದಿಗಾರರಿಗೆ ಮೊದಲು ಹೇಳಿ ಷೇರುಪೇಟೆಗೆ ಆಮೇಲೆ ತಿಳಿಸುವಂತಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದ ಪ್ರಕಾರ ಆಡಳಿತ ಮಂಡಳಿ ಸಭೆಯ ಮುಖ್ಯ ನಿರ್ಧಾರಗಳನ್ನು ಸಭೆ ಮುಗಿದ 30 ನಿಮಿಷದೊಳಗೆ ತಿಳಿಸಬೇಕು. ವಹಿವಾಟಿನ ಅವಧಿ ಮುಗಿದ ಮೇಲೆ ಸಭೆ ಮುಗಿದರೆ ಮೂರು ಗಂಟೆ. ಕಂಪನಿಯೊಳಗಿನ ಇತರ ಮುಖ್ಯ ಬೆಳವಣಿಗೆಗಳಿಗೆ 12 ಗಂಟೆ, ಹೊರಗಿನಿಂದ ಬಂದವಕ್ಕೆ 24 ಗಂಟೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು 2024ರ ಜೂನ್ 1ರಿಂದ, ಮೊದಲ 250 ಕಂಪನಿಗಳು ಅದೇ ವರ್ಷದ ಡಿಸೆಂಬರ್ 1ರಿಂದ ಇನ್ನೊಂದು ಹೊಣೆ ಹೊತ್ತಿವೆ. ಮುಖ್ಯವಾಹಿನಿಯ ಮಾಧ್ಯಮದಲ್ಲಿ ಬಂದ ವದಂತಿಯಿಂದ ಷೇರಿನ ಬೆಲೆ ಗಣನೀಯವಾಗಿ ಅಲುಗಾಡಿದರೆ 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ಸ್ಪಷ್ಟನೆ ಕೊಡಬೇಕು.

ಬೆಲೆ ಅಲುಗಾಡುವುದೆಂದರೆ ಏನು ಎಂದು ಬೆಂಗಳೂರು ಹತ್ತಿರದಿಂದಲೇ ನೋಡಿದೆ. ಇನ್ಫೊಸಿಸ್ ಆಡಳಿತದ ವಿರುದ್ಧದ ಅನಾಮಧೇಯ ದೂರು 2019ರ ಅಕ್ಟೋಬರ್ 21ರಂದು ಮಾಧ್ಯಮಗಳಲ್ಲಿ ಬಂತು. ಮರುದಿನ ಷೇರು ಸುಮಾರು ಶೇ 16ರಷ್ಟು ಕುಸಿಯಿತು. ದೂರು ಸೆಪ್ಟೆಂಬರ್ 30ಕ್ಕೇ ಕಂಪನಿಯ ಕೈಸೇರಿತ್ತು. ಮೊದಲೇ ಏಕೆ ತಿಳಿಸಲಿಲ್ಲ ಎಂದು ಷೇರುಪೇಟೆ ವಿವರಣೆ ಕೇಳಿತು. ಆರೋಪಗಳಿಗೆ ಪುರಾವೆ ಇಲ್ಲವೆಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಹೇಳಿದ್ದು 2020ರ ಜನವರಿ 10ರಂದು.

ಕೆಟ್ಟ ಸುದ್ದಿಯ ಮೊದಲ ಗಂಟೆ

ಅವಘಡವಾದಾಗ ಮೊದಲ ಒಂದು ಗಂಟೆಯೊಳಗೆ ನಾಲ್ಕು ಸಾಲಿನ ಹೇಳಿಕೆ ಹೊರಡಬೇಕು: ಎಷ್ಟು ಗಂಟೆಗೆ, ಎಲ್ಲಿ, ಏನಾಯಿತು, ಗಾಯಗೊಂಡವರಿಗೆ ಚಿಕಿತ್ಸೆ ನಡೆಯುತ್ತಿದೆಯೇ, ಈಗ ಏನು ಮಾಡುತ್ತಿದ್ದೀರಿ, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಕೊಡುತ್ತೀರಿ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ‘ಹೊಸದಿಲ್ಲ, ಮತ್ತೆ ಎಂಟಕ್ಕೆ ತಿಳಿಸುತ್ತೇವೆ’ ಎಂದು ಹೇಳಬೇಕು. ಮಾಹಿತಿಯ ಜಾಗ ಖಾಲಿ ಬಿಟ್ಟರೆ ಅಕ್ಕಪಕ್ಕದವರ ಊಹೆ ಅದನ್ನು ತುಂಬುತ್ತದೆ.

ಕಾರಣ ಹೇಳಬೇಡಿ. ‘ಶಾರ್ಟ್ ಸರ್ಕಿಟ್ ಇರಬೇಕು’ ಎಂದು ನೀವೇ ಅಂದರೆ ತನಿಖೆ ಬೇರೆ ಹೇಳಿದಾಗ ಸುಳ್ಳಾಡಿದಂತಾಗುತ್ತದೆ. ಸಾವಿನ ಸಂಖ್ಯೆಯನ್ನು ಪೊಲೀಸರು ಅಥವಾ ಆಸ್ಪತ್ರೆ ಖಚಿತಪಡಿಸುವ ಮುನ್ನ, ಹೆಸರನ್ನು ಮನೆಯವರಿಗೆ ತಿಳಿಯುವ ಮುನ್ನ ಹೇಳುವಂತಿಲ್ಲ. ‘ಸಣ್ಣ ಘಟನೆ’ ಎಂಬ ಪದ ಬೇಡ. ಸೆಕ್ಯುರಿಟಿಯವರಿಗೆ ಮೊದಲೇ ಹೇಳಿಡಿ: ಕ್ಯಾಮೆರಾಗೆ ಕೈ ಅಡ್ಡ ಹಿಡಿಯುವಂತಿಲ್ಲ. ಆ ಅಂಗೈಯ ದೃಶ್ಯ ದಿನವಿಡೀ ಓಡುತ್ತದೆ. ಗೇಟಿನ ಹೊರಗೆ ಒಂದು ಜಾಗ ತೋರಿಸಿ, ಒಬ್ಬರನ್ನು ನಿಲ್ಲಿಸಿ. ಮಾತನಾಡುವವರು ಒಬ್ಬರೇ ಇರಲಿ, ಅವರು ಊರಲ್ಲಿಲ್ಲದಿದ್ದರೆ ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ನಾವು ಸರಿಯಿದ್ದೇವೆ, ಆಮೇಲೆ ಸಾಬೀತಾಗುತ್ತದೆ ಎಂದು ಕಾಯುವವರು 2015ರ ಮ್ಯಾಗಿ ಪ್ರಕರಣದ ದಿನಾಂಕಗಳನ್ನು ನೋಡಬಹುದು. ಈ ನೂಡಲ್ಸ್ ಮಾರಾಟ ನಿಲ್ಲಿಸಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶ ಜೂನ್ 5ಕ್ಕೆ, ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ಆಗಸ್ಟ್ 13ಕ್ಕೆ, ನೂಡಲ್ಸ್ ಅಂಗಡಿಗೆ ಮರಳಿದ್ದು ನವೆಂಬರ್‌ನಲ್ಲಿ.

ಕ್ಯಾಮೆರಾ ಹಿಡಿದು ಹಣ ಕೇಳುವವರು

ಹೋಟೆಲ್, ನರ್ಸಿಂಗ್ ಹೋಮ್, ಕಟ್ಟಡ ನಿರ್ಮಾಣದವರಿಗೆ ಇದು ಗೊತ್ತಿರುವ ಕಾಟ. ವಾರ್ತಾ ಇಲಾಖೆಯ ಮಾನ್ಯತಾ ಪತ್ರ ಇಲ್ಲದ ಮಾತ್ರಕ್ಕೆ ಯಾರೂ ನಕಲಿಯಾಗುವುದಿಲ್ಲ, ಆ ಕಾರ್ಡ್ ಎಲ್ಲ ಪತ್ರಕರ್ತರ ಬಳಿ ಇರುವುದಿಲ್ಲ. ಸಂಸ್ಥೆಯ ಹೆಸರು ಕೇಳಿ, ಅದರ ಕಚೇರಿಗೆ ನೀವೇ ಕರೆ ಮಾಡಿ. ಪತ್ರಿಕೆಯಾದರೆ ಶೀರ್ಷಿಕೆ ನೋಂದಣಿಯಾಗಿದೆಯೇ ಎಂದು ಪ್ರೆಸ್ ರಿಜಿಸ್ಟ್ರಾರ್ ಜನರಲ್ ಜಾಲತಾಣದಲ್ಲಿ ನೋಡಬಹುದು. ಪ್ರಶ್ನೆಗಳನ್ನು ಬರಹದಲ್ಲಿ ಕೇಳಲು ಹೇಳಿ, ಬರಹದಲ್ಲೇ ಉತ್ತರಿಸಿ. ಸುದ್ದಿ ಹಾಕದಿರಲು ಹಣ ಕೇಳಿದರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್‌ನಡಿ ದೂರು ಕೊಡಬಹುದು. ಒಮ್ಮೆ ಕೊಟ್ಟರೆ ಮುಂದಿನ ವಾರ ಇನ್ನೊಬ್ಬರು ಬರುತ್ತಾರೆ.

ತಪ್ಪು ಅಚ್ಚಾದರೆ

ಮೊದಲು ವರದಿಗಾರರಿಗೆ ಕರೆ, ಅದೇ ದಿನ ಸಂಪಾದಕರಿಗೆ ಪತ್ರ. ಪತ್ರದಲ್ಲಿ ಅಚ್ಚಾದ ವಾಕ್ಯ, ಸರಿಯಾದ ವಿವರ, ಅದಕ್ಕೆ ದಾಖಲೆ ಈ ಮೂರೇ ಇರಲಿ. ನಿಮ್ಮ ಬೇಸರದ ವಿಷಯ ಎರಡನೇ ಪುಟಕ್ಕೂ ಬೇಡ. ಸಂಖ್ಯೆ ತಪ್ಪಾಗಿದ್ದರೆ ‘ತಿದ್ದುಪಡಿ’, ನಿಮ್ಮ ಮಾತು ಬಿಟ್ಟುಹೋಗಿದ್ದರೆ ‘ಸ್ಪಷ್ಟನೆ’ ಕೇಳಬೇಕು. ‘ವರದಿ ನಮಗೆ ಹಿಡಿಸಲಿಲ್ಲ’ ಎಂಬುದು ಎರಡೂ ಅಲ್ಲ.

ಸಂಪಾದಕರು ಕಿವಿಗೊಡದಿದ್ದರೆ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆ, ಸುದ್ದಿಸಂಸ್ಥೆಗಳ ವಿರುದ್ಧವಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಸಂಪಾದಕರಿಗೆ ಬರೆದ ಪತ್ರ, ವರದಿಯ ಪ್ರತಿ, ಕನ್ನಡದ್ದಾದರೆ ಅದರ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ವಿಧಿಸಲಾರದು. ಪ್ರಕರಣ ಕೋರ್ಟಿನಲ್ಲಿದ್ದರೆ ಮಂಡಳಿ ಕೈ ಹಾಕುವುದಿಲ್ಲ, ಆದ್ದರಿಂದ ಮಾನನಷ್ಟ ಮೊಕದ್ದಮೆ ಹೂಡುವ ಮುನ್ನ ದಾರಿ ಯಾವುದೆಂದು ನಿಶ್ಚಯಿಸಿಕೊಳ್ಳಿ. ಟಿವಿ ಇದರ ವ್ಯಾಪ್ತಿಯಲ್ಲಿಲ್ಲ. ಅದಕ್ಕೆ ಮೊದಲು ಚಾನೆಲ್‌ಗೆ, ನಂತರ ಅದು ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಬರೆಯಬೇಕು.

ಅಚ್ಚಿನ ತಿದ್ದುಪಡಿ ನಾಳೆ ಬಂದರೂ ಜಾಲತಾಣದ ಹಳೆಯ ಪಠ್ಯ ತಾನಾಗಿ ಬದಲಾಗುವುದಿಲ್ಲ. ಆ ಕೊಂಡಿಯನ್ನು ಪತ್ರದಲ್ಲೇ ಕೊಟ್ಟು ಅಲ್ಲೂ ತಿದ್ದಲು ಕೇಳಿ. ಯೂಟ್ಯೂಬ್ ವಿಡಿಯೊ, ಫೇಸ್‌ಬುಕ್ ಪೋಸ್ಟ್, ಬೇರೆ ಜಾಲತಾಣಗಳು ಎತ್ತಿಕೊಂಡ ಪ್ರತಿ, ಇವನ್ನೂ ಒಂದೊಂದಾಗಿ ಪಟ್ಟಿ ಮಾಡಬೇಕು. ಇ–ಪೇಪರ್‌ನ ಪುಟವನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ, ಹಾಗಾಗಿ ತಿದ್ದುಪಡಿ ಬಂದ ಪುಟದ ಪ್ರತಿಯನ್ನು ಬ್ಯಾಂಕಿಗೋ ಗ್ರಾಹಕರಿಗೋ ತೋರಿಸಲು ಕಡತದಲ್ಲಿ ಇಟ್ಟುಕೊಳ್ಳಿ.